ಹಡೆಯದ ಎದೆಯ ಹಾಲು

ಇಂಥ ಸಂಗತಿಯನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ಕೇಳಿದಂತೆ ಮಾಡಿ ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ಮೈಮೇಲೆ ದೇವರು ಬರುವುದನ್ನೂ ನಂಬದವಳು ನಾನು. ಇದು ನನ್ನ ಮೈಗೇ ಆದದ್ದು. ನೀವು ನಂಬಲೇಬೇಕೆಂದು ಹೇಳಲಾರೆ.

ನನ್ನ ತಂಗಿ ಸುಧಾ ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧಕಿಯಾಗಿದ್ದಳು. ಮೈಯ ಪ್ರತಿ ಜೀವಕೋಶದಲ್ಲೂ ಎಲ್ಲ ಜೀನುಗಳೂ ಇರುತ್ತವಂತೆ. ಆದರೆ ಯಾವುದು ಎಲ್ಲಿ, ಯಾವಾಗ ಕೆಲಸಕ್ಕೆ ಏಳಬೇಕು ಎಂಬುದಕ್ಕೆ ಒಂದು ಕಟ್ಟಳೆ ಇದೆಯಂತೆ. ಅವಳು ಇಲಿಗಳ ಹಾಲಿನ ಜೀನುಗಳನ್ನು ಹಿಡಿದು, ರಾಶಿ ಉದಾಹರಣೆ ತೋರಿಸಿ, ಆ ಕಟ್ಟಳೆಯನ್ನು ಕಂಪ್ಯೂಟರಿಗೆ ಕಲಿಸುತ್ತಿದ್ದಳು. ಅಪ್ಪ ಅವ್ವ ಹೋದ ಮೇಲೆ ಅವಳಿಗೆ ನಾನೇ ತವರು. ಹೆರಿಗೆಗೆಂದು ಸೇಡಂಗೆ ನಮ್ಮ ಮನೆಗೆ ಬಂದಾಗ ನನ್ನ ಅತ್ತೆ ಅವಳನ್ನು ಕೆಣಕದ ದಿನವಿರಲಿಲ್ಲ.

"ಇಲಿ ಹಾಲು ಕರೀಲಿಕ್ಕ ಇಷ್ಟು ಓದಬೇಕಾತೇನ?"

"ಕರಿಯಂಗಿಲ್ರಿ ಅತ್ತಿ. ಯಾವಾಗ ಬರ್ತದ ಅಂತ ಮೊದಲ ಹೇಳೋದು."

"ಅದನ್ನ ಬೆಕ್ಕೂ ಹೇಳ್ತದ ತೊಗೊ!"

ಗಂಡು ಕೂಸು ಹುಟ್ಟಿತು. ಹಿಂದೆಯೇ ಸುಧಾಗೆ ಜ್ವರ ಏರಿತು. ಕಲಬುರಗಿಯ ದವಾಖಾನೆಗೆ ಹೋದವಳು ಜೀವಂತ ಮರಳಲಿಲ್ಲ.

ಅವಳ ದಹನ ಮುಗಿಸಿ ಬಂದ ಮೇಲೂ ಕೂಸು ಏನನ್ನೂ ಕುಡಿಯಲಿಲ್ಲ. ಆಕಳ ಹಾಲು, ಆಡಿನ ಹಾಲು, ಡಬ್ಬಿ ಹಾಲು. ಒಳಲೆ, ಬಾಟಲಿ, ಹತ್ತಿಯ ಬತ್ತಿ. ಎಲ್ಲವನ್ನೂ ಉಗುಳಿತು. ಹಿಂದಿನ ಓಣಿಯಲ್ಲಿ ಒಬ್ಬ ಬಾಣಂತಿ ಇದ್ದಳು. ಆದರೆ ಸೂತಕದ ಮನೆಗೆ ಬಾಣಂತಿ ಕಾಲಿಡುವಂತಿಲ್ಲ, ಸೂತಕದ ಕೂಸನ್ನು ಅವಳ ಮನೆಗೆ ಒಯ್ಯುವಂತೆಯೂ ಇಲ್ಲ. ಅವಳ ಅತ್ತೆ ಅಂಗಳದ ಹೊರಗೇ ನಿಂತು, "ತಪ್ಪು ತಿಳಕೋಬ್ಯಾಡ್ರಿ, ನಮ್ಮದೂ ಸಣ್ಣ ಕೂಸದ," ಎಂದು ಕಣ್ಣೊರೆಸಿಕೊಂಡು ಹೋದರು. ಡಾಕ್ಟರು ಕೂಡಲೇ ಕಲಬುರಗಿಗೆ ಒಯ್ಯಿರಿ ಎಂದರು. ನಮ್ಮವರು ಜೀಪು ತರಲು ಓಡಿದರು. ಅಷ್ಟರಲ್ಲಿ ಕೂಸಿನ ಅಳು ಸಣ್ಣದಾಗತೊಡಗಿತು. ಜೋರಾಗಿ ಅಳುತ್ತಿದ್ದಾಗಿನದಕ್ಕಿಂತ ಆಗ ಹೆಚ್ಚು ಭಯವಾಯಿತು.

"ಸುಮ್ಮ ಎದಿಗಿ ಹಚ್ಚು," ಎಂದರು ಅತ್ತೆ.

"ನನ್ನ ಹತ್ರ ಏನದ ಅತ್ತಿ?"

ಮದುವೆಯಾಗಿ ಎಷ್ಟೋ ವರ್ಷವಾಗಿತ್ತು, ನನ್ನ ಹೊಟ್ಟೆಯಲ್ಲಿ ಒಮ್ಮೆಯೂ ಏನೂ ನಿಂತಿರಲಿಲ್ಲ. ಅತ್ತೆ ಕಿಟಕಿಗೆ ಸೀರೆ ಕಟ್ಟಿದರು.

ಕೂಸು ಬಾಯಿ ಹಾಕಿತು. ಮೊದಲು ನೋವಾಯಿತು. ಆಮೇಲೆ ಭುಜದಿಂದ ಏನೋ ಜುಮ್ಮೆಂದು ಇಳಿದಂತಾಯಿತು. ಗುಟುಕರಿಸುವ ಸದ್ದು ಕೇಳಿದಾಗ ಭ್ರಮೆ ಎಂದುಕೊಂಡೆ. ನೋಡಿದರೆ ಅದರ ತುಟಿಯ ಅಂಚಿನಲ್ಲಿ ಬಿಳಿಯ ಹನಿ. ನಾನು ಚೀರಿದೆ. ಇನ್ನೊಂದು ಕಡೆ ಕುಪ್ಪಸವೂ ತೊಯ್ಯುತ್ತಿತ್ತು. ಅತ್ತೆ ಬೆರಳಿನಿಂದ ಒರೆಸಿ ಮೂಸಿ ನೋಡಿ, ಎರಡು ಹೆಜ್ಜೆ ಹಿಂದೆ ಸರಿದು ಗೋಡೆ ಹಿಡಿದರು.

"ಯಾಕ ಒದರ್ತಿ? ಕುಡೀಲಿ ಬಿಡು," ಎಂದರು.

ನಾನು ಹಾಲು ಬರಿಸುವ ಯಾವ ಔಷಧವನ್ನೂ ತೆಗೆದುಕೊಂಡವಳಲ್ಲ. ಅಂಗಳಕ್ಕೆ ಬಂದ ಜೀಪು ಖಾಲಿ ಮರಳಿತು. ಕೂಸು ಹೊಟ್ಟೆ ತುಂಬಿ ನಿದ್ದೆ ಹೋಗಿತ್ತು. ನನಗೆ ಮಾತ್ರ ನನ್ನ ಮೈಯನ್ನು ಮುಟ್ಟಿಕೊಳ್ಳಲೂ ಹೆದರಿಕೆ.

ಕೂಸನ್ನು ಅದರ ಅಪ್ಪ ನಮ್ಮಲ್ಲೇ ಬಿಟ್ಟಿದ್ದರು. ಅದು ಹೆಜ್ಜೆ ಇಡುವ ಕಾಲಕ್ಕೆ ಸುಧಾಳ ಜೊತೆ ಕೆಲಸ ಮಾಡುತ್ತಿದ್ದ, ವಾಡಿಯ ಕಡೆಯ ಒಬ್ಬ ಯುವಕ ನಮ್ಮನ್ನು ನೋಡಲು ಬಂದ. ಸಂಕೋಚ ಬಿಟ್ಟು ಅವನಿಗೆ ಎಲ್ಲ ಹೇಳಿದೆ. ವಾರಗಟ್ಟಲೆ ಕುಡಿಸುತ್ತ ಹೋದರೆ ಹಡೆಯದವರಿಗೂ ಹಾಲು ಬರುವುದುಂಟು, ಆದರೆ ಮೊದಲ ಸಲ ಬಾಯಿಟ್ಟಾಗಲೇ ಬಂದದ್ದನ್ನು ಕೇಳಿಲ್ಲ ಎಂದ.

"ನಿಮ್ಮ ಕಂಪ್ಯೂಟರಿಗಿ ಕೇಳ್ರಿ," ಎಂದೆ.

"ಅದಕ್ಕ ಸುಧಾ ಮೇಡಂ ಎರಡೇ ಗುಂಪು ಕಲಿಸ್ಯಾರ್ರಿ ಅಕ್ಕಾ. ಹಡದದ್ದು, ಹಡೀಲಾರದ್ದು. ನಿಮ್ಮನ್ನ ಯಾವುದರಾಗ ಹಾಕ್ಲಿ?"

ಇದನ್ನು ಬಿಡಿಸಿ ಹೇಳಬಹುದಾಗಿದ್ದವಳು ಒಬ್ಬಳೇ. ಅವಳು ಇದ್ದಿದ್ದರೆ ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ.