ಚಕ್ರದ ಮೇಷ್ಟ್ರು

ಚಕ್ರದ ಮೇಷ್ಟ್ರು ಯಾರ ಮನೆಗೆ ಹೋದರೂ ಮೊದಲು ವಿಚಾರಿಸುವುದು ಹೂಕುಂಡದ ತಟ್ಟೆಯಲ್ಲಿ ನಿಂತ ನೀರನ್ನು. ಮನೆಯವರ ಯೋಗಕ್ಷೇಮ ಆಮೇಲೆ. ಆ ನೀರಿನ ಹನಿಯೊಂದನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ರೋಟಿಫರ್ ಎಂಬ, ಬರಿಗಣ್ಣಿಗೆ ಕಾಣದ ಜೀವಿ ಸಿಗುತ್ತದೆ. ಅದರ ತಲೆಯ ಮೇಲೆ ಎರಡು ಚಕ್ರಗಳು ಗಿರಗಿರನೆ ತಿರುಗಿದಂತೆ ಕಾಣುತ್ತವೆ. ಆದರೆ ಯಾರಾದರೂ "ಚಕ್ರ ತಿರುಗ್ತಿದೆ" ಎಂದರೋ, ಮೇಷ್ಟ್ರಿಗೆ ಮೈಯೆಲ್ಲ ಉರಿ. "ತಿರುಗಲ್ಲಪ್ಪಾ! ಅದು ಕೂದಲಿನ ಸಾಲು. ಒಂದರ ಹಿಂದೊಂದು ಬಾಗಿ ಊಟಾನ ಬಾಯಿಗೆ ತಳ್ಳುತ್ತೆ." ಕ್ಷೌರಿಕನಿಗೂ ಈ ಪಾಠ ತಪ್ಪಿದ್ದಲ್ಲ. "ಕೂದಲಿಂದಲೇ ಊಟ ಅಂದ್ರೆ ನಮ್ಮ ಕಸುಬೇ ಬಿಡಿ ಸಾರ್," ಎಂದು ಅವನು ಕತ್ತರಿ ಆಡಿಸುತ್ತಾನೆ. ಹೆಂಡತಿಯಂತೂ ಮದುವೆಯಾದಾಗಿನಿಂದ ಆ ಸೂಕ್ಷ್ಮದರ್ಶಕದ ಹತ್ತಿರ ಸುಳಿದವರಲ್ಲ. "ತಪ್ಪು ಹೇಳಿ ಬೈಸಿಕೊಳ್ಳೋಕೆ ನನಗೇನು ಹುಚ್ಚೇ?" ಈ ವರ್ಷ ಮೇಷ್ಟ್ರ ಕಣ್ಣು ಮಂಜಾಯಿತು, ಇನ್ನು ಸರಿಹೋಗದು ಎಂದರು ವೈದ್ಯರು. ಆದರೂ ಅವರು ದಿನವೂ ಹನಿಯನ್ನು ಗಾಜಿನ ಮೇಲಿಟ್ಟು, ಬರೀ ಬೂದು ಬಣ್ಣ ನೋಡುತ್ತ ಸುಮ್ಮನೆ ಕೂರುತ್ತಿದ್ದರು. ಆ ಸಂಕಟ ನೋಡಲಾರದೆ ಹೆಂಡತಿ ಒಂದು ಬೆಳಿಗ್ಗೆ "ಸ್ವಲ್ಪ ಸರ್ಕೊಳ್ಳಿ" ಎಂದು ತಾವೇ ಕಣ್ಣಿಟ್ಟರು. ಇನ್ನೊಂದು ಕಣ್ಣು ಮುಚ್ಚಿಕೊಂಡರು. ಆಮೇಲೆ, "ಅಯ್ಯೋ ರೀ, ಪುಟಾಣಿ ಚಕ್ರ, ಎರಡು! ತಿರುಗ್ತಾನೇ ಇವೆ!" ತಿದ್ದಲು ಮೇಷ್ಟ್ರು ಬಾಯಿ ತೆರೆದರು; ಹಾಗೇ ಮುಚ್ಚಿಕೊಂಡರು. ಕುರ್ಚಿಯನ್ನು ಹೆಂಡತಿಯ ಹತ್ತಿರಕ್ಕೆ ಎಳೆದುಕೊಂಡು, "ಹೌದೇನೇ? ಯಾವ ಕಡೆಗೆ ತಿರುಗ್ತಿವೆ, ಹೇಳು" ಎಂದರು.