ಆ ದಿನ ಗೋಡೆ ತೆರೆದೇ ಇತ್ತು

ಮನುಷ್ಯ ಕಟ್ಟಿದ ಗೋಡೆಗಳೆಲ್ಲ ಒಂದಲ್ಲ ಒಂದು ದಿನ ಬೀಳಲೇಬೇಕು. ಈ ವಾಕ್ಯ ಬರೆದು, ಎದ್ದು ಬಾಲ್ಕನಿಗೆ ಹೋಗಿ ಬಂದೆ; ನನ್ನ ವಿಷಯಕ್ಕೂ ಅದಕ್ಕೂ ಏನೇನೂ ಸಂಬಂಧವಿಲ್ಲ. ನಾನು ಹೇಳಬೇಕಾದ ಗೋಡೆ ಬಿದ್ದಿಲ್ಲ. ಆ ದಿನ ಅದು ಮುಚ್ಚಿಯೂ ಇರಲಿಲ್ಲ. ಮುಚ್ಚಿದೆ ಎಂದು ನನ್ನ ಹೆಂಡತಿ ವಾರಿಜಳಿಗೆ ಹೇಳಿದ್ದು ಸುಳ್ಳು. ಹೇಳಿದವನು ನಾನು.

ದುಬೈಯ ಅಲ್ ಕುಸೈಸ್‌ನ ಕನ್ನಡಿಗರಲ್ಲಿ ಈ ಕಥೆ ಕೇಳದವರು ಕಡಿಮೆ. ಚೌತಿಯ ಊಟದಲ್ಲಿ, ಬರ್ ದುಬೈಯಲ್ಲಿ ಸೀರೆ ಆರಿಸುವಾಗ, ಯಾರದೋ ಮಗುವಿನ ಹುಟ್ಟುಹಬ್ಬದಲ್ಲಿ ವಾರಿಜ ಹೇಳಿದ್ದಾಳೆ: "ನಾವು ಹೋದ ದಿವಸವೇ ಚೀನಾದವರು ಗೋಡೆಗೆ ಬಾಗಿಲು ಹಾಕಿದ್ರು ಮಾರಾಯ್ರೇ! ನಮ್ಮನ್ನು ನೋಡಿ ಹೆದರಿದ್ರೋ ಎಂತದೋ!" ನೀವೆಲ್ಲ ನಕ್ಕಿದ್ದೀರಿ. ನಾನೂ ನಕ್ಕಿದ್ದೇನೆ — ನಿಮಗಿಂತ ತುಸು ಮೊದಲೇ.

ಕಾಪುವಿನ ಶಾಲೆಯಲ್ಲಿ ಸಮಾಜ ಪಾಠದ ಮಾಸ್ತರರು ಆ ಗೋಡೆಯ ಚಿತ್ರ ತೋರಿಸಿ, "ಇದನ್ನು ನೋಡ್ಲಿಕ್ಕೆ ಹೋಗುವವರು ಯಾರು?" ಎಂದಾಗ ಇಡೀ ತರಗತಿಯಲ್ಲಿ ಕೈ ಎತ್ತಿದವಳು ವಾರಿಜ ಒಬ್ಬಳೇ. ಎತ್ತಿದ ಕೈಯನ್ನು ಅವಳು ಇಳಿಸಿರಲಿಲ್ಲ ಎಂದು ನನಗೆ ಗೊತ್ತಾದದ್ದು ಚೀನಾ ಪ್ರವಾಸ ನಿಶ್ಚಯವಾದ ಮೇಲೆ. ಲಿಫ್ಟ್ ಬಿಟ್ಟು ನಮ್ಮ ಕಟ್ಟಡದ ಮೆಟ್ಟಿಲು ಹತ್ತಿ ಇಳಿಯತೊಡಗಿದಳು. ವಾಚ್‌ಮನ್ ಗಾಬರಿಯಾಗಿ, "ಲಿಫ್ಟ್ ಖರಾಬ್ ಹೈ ಕ್ಯಾ, ಭಾಭೀಜೀ?" ಎಂದು ಕೇಳಿದ. "ಇಲ್ಲಪ್ಪ, ಗೋಡೆ ಹತ್ಲಿಕ್ಕುಂಟು," ಎಂದು ಇವಳು ಕನ್ನಡದಲ್ಲೇ ಉತ್ತರಿಸಿದಳು.

ನಮ್ಮದು ಉದ್ದದ ತಿರುಗಾಟ. ಗುವಾಂಗ್‌ಝೌನಲ್ಲಿ ನನ್ನ ಆಫೀಸಿನ ಕೆಲಸ ಮುಗಿಸಿ, ಶಿಯಾನ್‌ನ ಮಣ್ಣಿನ ಸೈನಿಕರನ್ನು ನೋಡಿ, ಶಾಂಘೈಗೆ ಬಂದೆವು. ಅಲ್ಲಿ ಗಗನಚುಂಬಿ ಕಟ್ಟಡ ಹತ್ತಿಸಿದರು — ದುಬೈಯಿಂದ ಹೋದವನಿಗೆ ಎತ್ತರದ ಕಟ್ಟಡ ತೋರಿಸುವುದೆಂದರೆ ಉಡುಪಿಯವನಿಗೆ ಮಸಾಲೆ ದೋಸೆಯ ಪರಿಚಯ ಮಾಡಿಕೊಟ್ಟಂತೆ. ಕೊನೆಗೆ ಬೀಜಿಂಗ್. ಅರಮನೆಯಲ್ಲಿ ಒಂದು ಅಂಗಳ ದಾಟಿದರೆ ಇನ್ನೊಂದು ಅಂಗಳ, ಅದನ್ನು ದಾಟಿದರೆ ಅದರ ಅಣ್ಣ. ನನ್ನ ಕಾಲು ಬಾತಿತ್ತು. ಕಣ್ಣೂ ಬಾತಿತ್ತೋ ಏನೋ — ಏನನ್ನು ನೋಡಿದರೂ ಬೇಗ ಮುಗಿಯಲಿ ಅನ್ನಿಸುತ್ತಿತ್ತು. ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು.

ಉಳಿದದ್ದು ಒಂದೇ ದಿನ. ಅದು ಗೋಡೆಯ ದಿನ. ಆದರೆ ನಾನಿನ್ನೂ ಯಾರಿಗೂ ಏನನ್ನೂ ಕೊಂಡಿರಲಿಲ್ಲ. ಗಲ್ಫಿನಲ್ಲಿರುವವನು ಎಲ್ಲಿಂದಲೇ ಬರಲಿ, ಬರಿಗೈಯಲ್ಲಿ ಬರುವಂತಿಲ್ಲ — ಯಾರೂ ಬರೆದಿಡದ, ವೀಸಾ ನಿಯಮಕ್ಕಿಂತ ಕಟ್ಟುನಿಟ್ಟಾದ ಕಾನೂನು ಇದು. "ಚೀನಾದಿಂದ ಎಂತ ತಂದ್ರಿ?" ಎಂದು ನೀವು ಕೇಳುವುದು ನನಗೆ ಅಲ್ಲಿಂದಲೇ ಕೇಳಿಸುತ್ತಿತ್ತು. ಇಲ್ಲ, ತಪ್ಪನ್ನು ನಿಮ್ಮ ಮೇಲೆ ಹಾಕುತ್ತಿಲ್ಲ. ಹಾಕಲು ನೋಡಿದೆ, ಅಷ್ಟೆ.

ಬೆಳಿಗ್ಗೆ ವಾರಿಜ ಹೊಸ ಶೂ ಹಾಕಿ, ಚೀಲದಲ್ಲಿ ಅವಲಕ್ಕಿ, ನೀರು ಇಟ್ಟುಕೊಂಡು ಕೆಳಗಿಳಿದಳು. ಹೋಟೆಲಿನ ರಿಸೆಪ್ಷನ್ ಹುಡುಗಿಗೆ ಇಂಗ್ಲಿಷ್ ಬಾರದು. ಮೊಬೈಲೇ ನಮ್ಮ ದುಭಾಷಿ. ಟೀ ಸೆಟ್ ಎಲ್ಲಿ ಸಿಗುತ್ತದೆ ಎಂದು ನಾನು ಮೊಬೈಲಿನಲ್ಲಿ ಬರೆದು ತೋರಿಸಿದೆ. ಹುಡುಗಿ ಕೈ ಬೀಸಿ, ದಾರಿ ತೋರಿಸಿ, ತುಂಬ ಹೊತ್ತು ಮಾತಾಡಿದಳು. ಅವಳ ಉತ್ತರ ಮೂಡಿದ್ದು ನನ್ನ ಕೈಯಲ್ಲಿದ್ದ ಪರದೆಯ ಮೇಲೆ.

"ಎಂತ ಹೇಳಿದ್ಲು?" ಎಂದಳು ವಾರಿಜ.

"ಜೋರು ಗಾಳಿಯಂತೆ. ಗೋಡೆ ಇವತ್ತು ಬಂದ್."

ಇಷ್ಟೇ. ಮೊದಲೇ ಯೋಚಿಸಿದ್ದಲ್ಲ — ಅಥವಾ ಯೋಚಿಸಿದ್ದೆನೋ — ನಾಲಿಗೆಯಂತೂ ತಡವರಿಸಲಿಲ್ಲ.

ವಾರಿಜ ಚೀಲವನ್ನು ಹೆಗಲಿನಿಂದ ಇಳಿಸಿದಳು. ಆಮೇಲೆ, "ಅವಳಾದ್ರೂ ಎಂತ ಮಾಡ್ಲಿಕ್ಕಾಗ್ತದೆ, ಪಾಪ. ಗಾಳಿ ಅವಳ ಕೈಯಲ್ಲುಂಟಾ?" ಎಂದು ಆ ಹುಡುಗಿಗೆ ಎರಡೂ ಕೈ ಜೋಡಿಸಿ ಮುಗಿದಳು. ಹುಡುಗಿ ತಬ್ಬಿಬ್ಬಾಗಿ ತಾನೂ ತಲೆ ಬಾಗಿಸಿದಳು. ಟೀ ಸೆಟ್‌ನ ಅಂಗಡಿಯ ದಾರಿ ಹೇಳಿದ್ದಕ್ಕೆ ಇಷ್ಟು ದೊಡ್ಡ ಮರ್ಯಾದೆಯೇ ಎಂದುಕೊಂಡಿರಬೇಕು.

ಆ ದಿನವಿಡೀ ನಿಮಗೆಲ್ಲ ಟೀ ಸೆಟ್ ಕೊಳ್ಳುತ್ತ ಅಂಗಡಿ ಸುತ್ತಿದೆವು. ಅವಲಕ್ಕಿಯನ್ನು ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತು ತಿಂದೆವು. ಹೊರಗೆ ಒಂದು ಎಲೆಯೂ ಅಲುಗುತ್ತಿರಲಿಲ್ಲ. "ಇಲ್ಲಿ ಗಾಳಿಯೇ ಇಲ್ಲ ನೋಡಿ," ಎಂದಳು. "ಅದು ಬೆಟ್ಟದಲ್ಲಿ," ಎಂದೆ.

ದುಬೈಗೆ ಬಂದ ಮೇಲೆ, ನಮ್ಮ ಮನೆಯಿಂದ ಸ್ವಲ್ಪವೇ ದೂರದ ಚೀನೀ ಮಾಲಿನಲ್ಲಿ ಅದೇ ಟೀ ಸೆಟ್ ಗುಡ್ಡೆ ಹಾಕಿದ್ದರು. ಅದೇ ನೀಲಿ ಹೂ, ಅದೇ ವಕ್ರ ಹಿಡಿ. "ಸುಮ್ನೆ ಅಲ್ಲಿಂದ ಹೊತ್ತುಕೊಂಡು ಬಂದದ್ದು!" ಎಂದು ವಾರಿಜ ನಕ್ಕಳು. ಆಗಲೇ ಹೇಳಬಹುದಿತ್ತು. ಚಳಿಗಾಲದ ಪ್ರದರ್ಶನದಲ್ಲಿ ಚೀನಾದ ಮಳಿಗೆಯವರು ರಟ್ಟಿನ ಗೋಡೆ ನಿಲ್ಲಿಸಿದ್ದರು. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು, "ನಿಜದ್ದು ಮುಂದಿನ ವರ್ಷ," ಎಂದಳು. ಆಗಲಾದರೂ — ಇಲ್ಲ. "ಹೋಗುವ," ಎಂದೆ. ಒಂದೊಂದು ವರ್ಷಕ್ಕೆ ಒಂದೊಂದು ಅಡ್ಡಿ. ಆಮೇಲೆ ಅವಳ ಮೊಣಕಾಲು ಹೋಯಿತು. ಮೆಟ್ಟಿಲಿನ ಸಹವಾಸವೇ ಬೇಡ ಎಂದರು ಡಾಕ್ಟರು.

ಕಳೆದ ವಾರ ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲಿ, ಬೀಜಿಂಗಿಗೆ ಹೊರಟಿದ್ದ ಮೈಸೂರಿನ ಗಂಡಹೆಂಡಿರಿಗೆ ವಾರಿಜ ಕಥೆ ಹೇಳಿ, ಕೊನೆಗೆ ನಗದೆ ಬುದ್ಧಿವಾದ ಸೇರಿಸಿದಳು: "ಗಾಳಿ ಇಲ್ಲದ ದಿವಸ ನೋಡಿ ಹೋಗಿ. ನನ್ನ ಹಾಗೆ ಆಗುದು ಬೇಡ." ಮರಳುವಾಗ ಕಾರಿನಲ್ಲಿ ಹೇಳಿಬಿಟ್ಟೆ.

ಅವಳು ಬೈಯಲಿಲ್ಲ. ದುಬೈ ಹತ್ತಿರವಾದಾಗ, "ಆ ಹುಡುಗಿಗೆ ನಾನು ಕೈ ಮುಗಿದೆ ಅಲ್ವಾ," ಎಂದಳು. ಅಷ್ಟೆ. ಲಿಫ್ಟಿನೊಳಗೆ ಮತ್ತೆ ಬಾಯಿ ತೆರೆದಳು: "ನನ್ನತ್ರ ಹೇಳಿ ಖಲಾಸ್ ಅಂತ ಮಾಡ್ಬೇಡಿ. ಊರಿಡೀ ನನ್ನ ಬಾಯಿಂದ ಸುಳ್ಳು ಹೇಳಿಸಿದ್ರಲ್ಲ — ಅವರಿಗೆಲ್ಲ ನೀವೇ ಹೇಳಿ."

ಹೇಳಿದ್ದೇನೆ. ಇನ್ನು ಮುಂದೆ ಎಲ್ಲಾದರೂ ಆ ಕಥೆ ಬಂದರೆ ದಯವಿಟ್ಟು ಅವಳ ಮುಖ ನೋಡಬೇಡಿ, ನನ್ನ ಮುಖ ನೋಡಿ.

ಟೀ ಸೆಟ್‌ಗಳು ನಿಮ್ಮ ನಿಮ್ಮ ಮನೆಯಲ್ಲಿವೆ. ವಾರಿಜ ಚೀನಾದ ಗೋಡೆಯನ್ನು ನೋಡಿಲ್ಲ.