ಹೆಸರಿಲ್ಲದ ಆ ವರದಿ ನನ್ನದು

ನಿಮ್ಮ ಪ್ರಬಂಧವನ್ನು ಅಚ್ಚು ಮಾಡಬೇಡಿ ಎಂದು ಬರೆದುಕೊಟ್ಟವನು ನಾನು, ಗಿರಿಜಾ ಮೇಡಂ. ಸಂಶೋಧನಾ ಪತ್ರಿಕೆಯವರು ನಿಮಗೆ ಕಳಿಸಿದ ಹೆಸರಿಲ್ಲದ ಆ ವರದಿ ನನ್ನದು. ಹತ್ತೊಂಬತ್ತು ವರ್ಷ ಬಚ್ಚಿಟ್ಟುಕೊಂಡಿದ್ದೆ. ಇನ್ನು ಆಗುವುದಿಲ್ಲ — ಸಾಕಾಗಿದೆ.

ಅಮೆರಿಕ ದೇಶ ಹುಟ್ಟಿದ ಕಾಲದ ಚರಿತ್ರೆ ಓದುವವರು ನಮ್ಮ ಕಡೆ ಆಗ ಎಷ್ಟು ಜನ ಇದ್ದೆವು? ಒಂದು ಜೀಪಿಗೆ ಹಿಡಿಸುವಷ್ಟು. ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರೇ ತೀರ್ಪು ಹೇಳಬೇಕು. ಅರಸೀಕೆರೆಯ ಕಾಲೇಜಿನಲ್ಲಿ ನಾನು ಹಿರಿಯ; ನೀವು ಬಾಣಾವರದಿಂದ ದಿನಾ ರೈಲಿನಲ್ಲಿ ಬರುತ್ತಿದ್ದ ಹೊಸ ಉಪನ್ಯಾಸಕಿ. ಆ ದೇಶ ಕಟ್ಟಿದ ಮಹನೀಯರನ್ನು ಹೊಗಳಿ ನಾನೊಂದು ಪುಸ್ತಕ ಬರೆದು ಹೆಸರು ಮಾಡಿದ್ದೆ. ನೀವು ಕೇಳಿದ್ದು ಬೇರೆ — ಅವರು ಸ್ವಾತಂತ್ರ್ಯ, ಸಮಾನತೆ ಎಂದು ಮಾತಾಡುತ್ತಿದ್ದಾಗ ಅವರದೇ ಮನೆಯಲ್ಲಿ ಅಡುಗೆ ಮಾಡುತ್ತ, ಬಟ್ಟೆ ಒಗೆಯುತ್ತ ಇದ್ದ ಗುಲಾಮರಿಗೆ ಆ ಮಾತು ಹೇಗೆ ಕೇಳಿಸಿರಬೇಕು?

ಇದು ನಿಮಗೆ ಹೇಗೆ ಹೊಳೆಯಿತು ಎಂದು ಸ್ಟಾಫ್ ರೂಮಿನಲ್ಲಿ ಕೇಳಿದ್ದೆ.

"ನಮ್ಮವ್ವ ಕಣಕಟ್ಟೇಲಿ ಯಜಮಾನ್ರ ತೋಟದ ಕಾಯಿ ಸುಲೀತಿದ್ಲು ಸರ್. ಜಗಲಿ ಮೇಲೆ ಅವರು ನ್ಯಾಯ-ನೀತಿ ಮಾತಾಡೋರು. ಅವ್ವ ಎಲ್ಲಾ ಕೇಳಿಸ್ಕೊಂಡು, ಮನೇಗೆ ಬಂದು ನಗೋಳು."

ಆ ನಗು ನನಗೆ ತಾಗಿತು. ಪತ್ರಿಕೆಯವರು ಅಭಿಪ್ರಾಯ ಕೇಳಿ ನನಗೇ ಕಳಿಸಿದ ನಿಮ್ಮ ನಲವತ್ತು ಪುಟ ಓದಿ ಮುಗಿಸುವ ಹೊತ್ತಿಗೆ ನನ್ನ ಪುಸ್ತಕ ಪೊಳ್ಳು ಎನಿಸಿತ್ತು. ವರದಿಯಲ್ಲಿ ಬರೆದೆ: ಇದು ಭಾವುಕತೆ, ಚರಿತ್ರೆಯಲ್ಲ, ಆಧಾರ ಸಾಲದು. ಆಧಾರ ಬೇಕಾದಷ್ಟಿತ್ತು. ನನಗೆ ಗೊತ್ತಿತ್ತು.

ಆ ವರದಿ ಹಿಡಿದುಕೊಂಡು ನೀವು ಬಂದದ್ದೂ ನನ್ನ ಹತ್ತಿರವೇ. "ಯಾರು ಸರ್ ಇವರು? ನಂಗೆ ಚರಿತ್ರೇನೇ ಗೊತ್ತಿಲ್ಲ ಅಂತಾರಲ್ಲ!"

ಆಗಲಾದರೂ ಹೇಳಬಹುದಿತ್ತು...

"ಬಿಡಿ ಮೇಡಂ," ಎಂದೆ. "ಅಮೆರಿಕದ ಗೊಡವೆ ನಿಮಗ್ಯಾಕೆ? ಹಳೇಬೀಡು ಇಲ್ಲೇ ಇದೆ. ಅದನ್ನ ನೋಡ್ಕೊಳ್ಳಿ."

ನೀವು ನಂಬಿದಿರಿ. ಎರಡು ಚೀಲ ತುಂಬ ಟಿಪ್ಪಣಿಗಳನ್ನು ತಂದು, "ನಿಮಗಾದ್ರೂ ಉಪಯೋಗಕ್ಕೆ ಬರ್ಲಿ" ಎಂದು ನನ್ನ ಮೇಜಿನ ಮೇಲಿಟ್ಟು ಹೋದಿರಿ. ಆಮೇಲೆ ಅಮೆರಿಕದ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಹಳೇಬೀಡಿಗೂ ಹುಲಿಕೆರೆಯ ಕೊಳಕ್ಕೂ ಕರೆದುಕೊಂಡು ಹೋಗಿ ತೋರಿಸುತ್ತಿದ್ದಿರಿ, ಅಷ್ಟೇ. ಕೆಲವು ವರ್ಷ ಕಳೆದು ಎಲ್ಲ ಸಮ್ಮೇಳನಗಳಲ್ಲೂ ನಿಮ್ಮ ಪ್ರಶ್ನೆಯೇ ಏಳತೊಡಗಿತು. ಆಗ ನಾನು ಆ ಚೀಲ ಬಿಚ್ಚಿದೆ. ನನ್ನ ಪುಸ್ತಕದ ಎರಡನೇ ಮುದ್ರಣಕ್ಕೆ ಹೊಸದೊಂದು ಅಧ್ಯಾಯ ಸೇರಿತು. ನಿಮ್ಮ ಹೆಸರು ಸೇರಲಿಲ್ಲ.

ಆ ಅಧ್ಯಾಯಕ್ಕೆಂದೇ ಹೋದ ತಿಂಗಳು ಬೇಲೂರಿನಲ್ಲಿ ನನಗೆ ಸನ್ಮಾನ. ಸಂಶೋಧನೆ ಮಾಡುತ್ತಿರುವ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ನಿಮಗಿಂತ ಮುಂಚೆ ನಮ್ಮಲ್ಲಿ ಯಾರೂ ಇದನ್ನ ಕೇಳಿರಲಿಲ್ವಾ?" ಎಂದಳು. ನೀವು ಮೂರನೇ ಸಾಲಿನಲ್ಲಿ ಕೂತಿದ್ದಿರಿ. ನಿಮ್ಮನ್ನು ನೋಡಿದೆ — ನೋಡಿಯೂ ಹೇಳಿದೆ:

"ಇಲ್ಲಮ್ಮ. ಯಾರೂ ಕೇಳಿರಲಿಲ್ಲ."

ಎಲ್ಲ ಮುಗಿದ ಮೇಲೆ ನೀವು ಹತ್ತಿರ ಬಂದು, "ಊಟ ಆಯ್ತಾ ಸರ್? ತುಂಬಾ ಇಳಿದು ಹೋಗಿದ್ದೀರಿ," ಎಂದಿರಿ. ಆ ಅಧ್ಯಾಯ ನಿಮ್ಮ ಟಿಪ್ಪಣಿಯದೆಂದು ನಿಮಗೆ ಗೊತ್ತಾಗದೆ ಇರುತ್ತದೆಯೇ? ವರದಿಯೂ ನನ್ನದೆಂದು ಗೊತ್ತಿತ್ತೋ ಏನೋ... ಕೇಳಲು ಬಾಯಿ ಬರಲಿಲ್ಲ.

ಕ್ಷಮಿಸಿ ಎನ್ನುವುದಿಲ್ಲ, ಕ್ಷಮಿಸುವ ಭಾರವನ್ನೂ ನಿಮ್ಮ ಮೇಲೆ ಹೊರಿಸಲಾರೆ. ಪತ್ರಿಕೆಯ ಸಂಪಾದಕರಿಗೂ ಆ ಹುಡುಗಿಗೂ ಈ ಬೆಳಿಗ್ಗೆ ಕಾಗದ ಹಾಕಿ ಬಂದೆ. ಕೇಳಿದವರು ಒಬ್ಬರಿದ್ದರು, ಅವರ ಬಾಯಿ ಮುಚ್ಚಿಸಿದವನು ನಾನು ಎಂದು ಬರೆದಿದ್ದೇನೆ. ನಿಮ್ಮ ಹೆಸರು ಬರೆದು, ಕೆಳಗೆ ನನ್ನ ರುಜು ಹಾಕಿದ್ದೇನೆ.